ಸವೆಯದೆ ಉಳಿದ ಬ್ರೇಕ್ ಪ್ಯಾಡ್

ಶರಣ ಬಂಧುಗಳೇ, ತಾಯಂದಿರೇ,

ನಲವತ್ತೊಂದು ವರ್ಷಗಳ ಹಿಂದಿನ ಮಾತೊಂದನ್ನು ಮೊದಲು ಹೇಳಿಬಿಡುತ್ತೇನೆ. ವಯಸ್ಸಾದವನ ಜಂಬವೆಂದು ನೀವು ನಕ್ಕರೂ ಅಡ್ಡಿಯಿಲ್ಲ. ಇಲ್ಲಿಂದ ಮೂರು ಹರದಾರಿ ದೂರದ ಒಂದು ಹಳ್ಳಿಯಲ್ಲಿ ಮೇಲಿನ ಓಣಿಯವರೂ ಕೆಳಗಿನ ಓಣಿಯವರೂ ಹದಿನಾರು ವರ್ಷ ಒಂದೇ ಬಾವಿಯ ನೀರನ್ನು ಕೂಡಿ ಸೇದಿರಲಿಲ್ಲ. ನಾನಾಗ ಅಲ್ಲಿಯ ಶಾಲೆಯ ಕಿರಿಯ ಮಾಸ್ತರ. ಹನ್ನೊಂದು ಸಂಜೆ ಆ ಬಾವಿಯ ಕಟ್ಟೆಯ ಮೇಲೆ ನಿಂತು ಮಾತನಾಡಿದೆ. ಮೊದಲ ಸಂಜೆ ಕೇಳಲು ಬಂದವರು ನಾಲ್ವರು. ಅವರಲ್ಲಿ ಇಬ್ಬರಿಗೆ ಕಿವಿಯೇ ಕೇಳುತ್ತಿರಲಿಲ್ಲ. ಮೂರನೆಯ ಸಂಜೆ ಸಗಣಿ ಎಸೆದರು. ಏಳನೆಯ ಸಂಜೆ ಗಂಟಲು ಕಟ್ಟಿತು; ಬಿಸಿನೀರು ಕುಡಿಯುತ್ತ ಮಾತನಾಡಿದೆ. ಹನ್ನೆರಡನೆಯ ದಿನ ಎರಡೂ ಓಣಿಯ ಹಿರಿಯರು ಒಂದೇ ಹಗ್ಗಕ್ಕೆ ಕೈಹಾಕಿ ನೀರು ಸೇದಿದರು. ಅಲ್ಲಿ ಕೋಲಿರಲಿಲ್ಲ, ಕೋರ್ಟಿರಲಿಲ್ಲ, ಇದ್ದದ್ದು ಮಾತು. ಮಾತಿಗೆ ಎಂಥ ಬಲವಿದೆಯೆಂಬುದನ್ನು ನಾನು ಅಂದು ಕಂಡೆ. ಅಂದಿನಿಂದ ನನ್ನ ಮಾತಿನ ಬಗೆಗೆ ನನಗೆ ಹೆಮ್ಮೆ. ಆ ಹೆಮ್ಮೆಯನ್ನು ಹೊತ್ತುಕೊಂಡೇ ಇಂದಿನ ದೃಷ್ಟಾಂತವನ್ನು ಹೇಳಬೇಕಾಗಿದೆ. ಅದು ಸುಲಭವಲ್ಲ.

ಕೇಳಿ.

ಒಂದು ಊರು, ಆ ಊರಿನಲ್ಲಿ ಸಿರಿವಂತನೊಬ್ಬ. ಯಾವ ಊರು ಎನ್ನಬೇಡಿ, ಯಾರು ಎನ್ನಬೇಡಿ. ದೃಷ್ಟಾಂತದೊಳಗೆ ಬರುವವರಿಗೆ ಹೆಸರಿರುವುದಿಲ್ಲ. ಆತನದು ಒಣಮೆಣಸಿನಕಾಯಿಯ ವ್ಯಾಪಾರ. ಕೆಟ್ಟವನೇನಲ್ಲ. ದಾನಿ, ಧರ್ಮಭೀರು, ಇಂಥ ಸಭೆಗಳಿಗೆ ಶಾಮಿಯಾನ ಹಾಕಿಸುವವನು, ಪ್ರವಚನಕಾರರನ್ನು ತನ್ನ ಕಾರಿನಲ್ಲೇ ಕರೆತರುವವನು. ಆ ಕಾರಿಗೆ ಒಬ್ಬ ಚಾಲಕನಿದ್ದ. ಹತ್ತೊಂಬತ್ತು ವರ್ಷಗಳಿಂದ ಇದ್ದ. ಕಾರುಗಳು ಮೂರು ಬದಲಾದವು, ಚಾಲಕ ಬದಲಾಗಲಿಲ್ಲ. ಗಾಡಿಯ ಸದ್ದಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಆತನಿಗೆ ತಿಳಿಯುತ್ತಿತ್ತು. ತಾಯಂದಿರಿಗೆ ಮಗುವಿನ ಅಳುವಿನಲ್ಲಿ ಹಸಿವೆ ಯಾವುದು, ಹೊಟ್ಟೆನೋವು ಯಾವುದು ತಿಳಿಯುವುದಿಲ್ಲವೇ, ಹಾಗೆ.

ಆ ಊರಿನಲ್ಲಿ ಗಾಡಿಯ ಬಿಡಿಭಾಗಗಳನ್ನು ಮಾರುವ ಅಂಗಡಿಗಳು ಎರಡು. ಒಂದು ಹಳೆಯ ಪೇಟೆಯದು. ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಇಕ್ಕಟ್ಟು. ಸೂರಿನ ತುಂಬ ತೂಗುಬಿಟ್ಟ ಬೆಲ್ಟುಗಳು, ರಬ್ಬರಿನ ಕೊಳವೆಗಳು. ಒಳಗೆ ಕಾಲಿಟ್ಟರೆ ಎಣ್ಣೆಯ ವಾಸನೆ. ಆ ಅಂಗಡಿಗೆ ಒಂದು ಕಟ್ಟುಪಾಡಿತ್ತು. ಹೊಸ ಭಾಗ ಬೇಕೆಂದರೆ ಅಂಗಡಿಯ ಮುದುಕ ಮೊದಲು ಕೈಚಾಚಿ, “ಹಳೇದು ಎಲ್ಲೈತ್ರಿ?” ಎನ್ನುತ್ತಿದ್ದ. ಸವೆದ ಭಾಗವನ್ನು ಕಳಚಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದು ತೋರಿಸಬೇಕು. ಆತ ಅದನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ, ಹೇಗೆ ಸವೆದಿದೆ ಎಂದು ನೋಡಿದ ಮೇಲೆಯೇ ಕಪಾಟಿಗೆ ಕೈಹಾಕುತ್ತಿದ್ದ. ಹಳೆಯದನ್ನು ತೋರಿಸದೆ ಹೊಸದು ಕೇಳಿದವನನ್ನು ಬರಿಗೈಯಲ್ಲಿ ಕಳಿಸಿದ್ದೂ ಉಂಟು.

ಇನ್ನೊಂದು ಬೈಪಾಸ್ ರಸ್ತೆಯ ಹೊಸ ಅಂಗಡಿ. ಊರೂರಿಗೆ ಶಾಖೆಗಳುಳ್ಳ ದೊಡ್ಡ ಸಂಸ್ಥೆಯದು. ಗಾಜಿನ ಬಾಗಿಲು, ತಣ್ಣನೆಯ ಗಾಳಿ. ಗಾಡಿಯ ನಂಬರು ಹೇಳಿದರೆ ಸಾಕು, ಕಂಪ್ಯೂಟರು ಭಾಗವನ್ನು ತಾನೇ ಗುರುತಿಸುತ್ತದೆ. ಸೀಲು ಮಾಡಿದ ಡಬ್ಬಿ ಬರುತ್ತದೆ, ಬಿಲ್ಲು ಬರುತ್ತದೆ, ನಿಮ್ಮ ಫೋನಿಗೆ ಧನ್ಯವಾದವೂ ಬರುತ್ತದೆ. ಮಾಲು ಶುದ್ಧ. ನೋಡಿ, ಆ ಅಂಗಡಿಯ ಮೇಲೆ ನಾನು ತಪ್ಪು ಹೊರಿಸುತ್ತಿಲ್ಲ. ಅದು ಕೇಳಿದ್ದನ್ನು ಕೊಡುವ ಅಂಗಡಿ. ಕೇಳದ್ದನ್ನು ಅದು ಹೇಗೆ ಕೊಟ್ಟೀತು?

ಆ ಪೇಟೆಯಲ್ಲಿ ಒಂದು ರೂಢಿಯಿತ್ತು. ನಿಮಗೂ ಗೊತ್ತಿರುವ ರೂಢಿ. ಗಿರಾಕಿಯನ್ನು ತಂದುಕೊಟ್ಟ ಚಾಲಕನಿಗೆ, ಮೆಕ್ಯಾನಿಕ್ಕಿಗೆ ಅಂಗಡಿಯವರು ಕಮಿಷನ್ ಕೊಡುವುದು. ಎಲ್ಲರೂ ಕೊಡುತ್ತಾರೆ, ಎಲ್ಲರೂ ತೆಗೆದುಕೊಳ್ಳುತ್ತಾರೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ನಮ್ಮ ಸಿರಿವಂತ ಒಂದು ಸಂಗತಿಯನ್ನು ಗಮನಿಸಿದ. ಬೈಪಾಸಿನಲ್ಲಿ ಅಷ್ಟು ದೊಡ್ಡ ಅಂಗಡಿಯಿರುವಾಗ ತನ್ನ ಚಾಲಕ ಎರಡು ಮೂರು ತಿಂಗಳಿಗೊಮ್ಮೆ ಆ ಇಕ್ಕಟ್ಟಿನ ಅಂಗಡಿಗೇ ಹೋಗುತ್ತಾನೆ. ತರುವುದೋ ಹೆಬ್ಬೆರಳ ಉಗುರಿನಷ್ಟು ಚಿಕ್ಕ ರಬ್ಬರಿನ ಟೊಪ್ಪಿಗೆ. ಅದಕ್ಕೆ ಬಿಲ್ಲೂ ಇಲ್ಲ. ಇಷ್ಟಕ್ಕಾಗಿ ಇವನು ಅಲ್ಲಿಗೆ ಹೋಗುತ್ತಾನೆಯೇ? ಅನುಮಾನ ಎಂಬುದು ಗೆದ್ದಲು, ಬಂಧುಗಳೇ. ಮರದೊಳಗೆ ಹೊಕ್ಕಾಗ ಸದ್ದಾಗುವುದಿಲ್ಲ.

ಒಂದು ದಿನ ಸಿರಿವಂತ ದೂರದ ಊರಿನ ಒಬ್ಬ ಹಿರಿಯ ಅತಿಥಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಹೊರಟಿದ್ದ. ಟ್ಯಾಕ್ಸಿ ಸ್ಟ್ಯಾಂಡಿನ ಬಳಿ ಗಾಡಿ ನಿಂತಿತು. ಚಾಲಕ ಇಳಿದು ಪೇಟೆಯೊಳಗೆ ಹೋಗಿ, ಕೈಯಲ್ಲಿ ಒಂದು ಸಣ್ಣ ಪೊಟ್ಟಣ ಹಿಡಿದು ಬಂದ. ಸ್ಟ್ಯಾಂಡಿನಲ್ಲಿ ಹತ್ತು ಹನ್ನೆರಡು ಮಂದಿ ಚಾಲಕರು ಚಹಾ ಕುಡಿಯುತ್ತ ನಿಂತಿದ್ದರು. ಸಿರಿವಂತ ಕಾರಿನಿಂದ ಹೊರಗೆ ಇಳಿದು ನಿಂತು ಕೇಳಿದ:

“ಏನಪಾ, ಇವತ್ತ ಕಿಸೇಕ ಎಷ್ಟ ಬಿತ್ತು?”

ಚಾಲಕನಿಗೆ ಅರ್ಥವಾಗಲಿಲ್ಲ. “ಏನಂದ್ರಿ ಸಾವುಕಾರ್ರ?”

“ಕಮಿಷನ್ನಪಾ, ಕಮಿಷನ್. ಬೈಪಾಸಿನ್ಯಾಗ ಅರಮನಿಯಂಥಾ ಅಂಗಡಿ ಐತಿ. ನಿನಗ ಆ ಬಿಲದಂಥಾ ಅಂಗಡೀನ ಬೇಕು. ಸುಮ್ಮನ ಬೇಕೇನು?”

ಚಹಾದ ಗುಂಪಿನಲ್ಲಿ ಒಬ್ಬ ನಕ್ಕ. “ಅಣ್ಣಾ ಸಿಕ್ಕಬಿದ್ದ ನೋಡಪಾ!” ಎಂದು ಇನ್ನೊಬ್ಬ ಅಂದ. ಎಲ್ಲರೂ ನಕ್ಕರು.

“ಹತ್ತೊಂಬತ್ತು ವರ್ಷ ಆತ್ರಿ ನಿಮ್ಮ ಗಾಡಿ ಹೊಡಿಯಾಕ ಹತ್ತಿ” ಎಂದ ಚಾಲಕ. ದನಿ ಏರಲಿಲ್ಲ. “ಈ ಮಾತ ಮನ್ಯಾಗ ಕೇಳಬೇಕಿತ್ರಿ.”

“ಕದ್ದದ್ದು ಓಣ್ಯಾಗ, ಕೇಳೂದ ಮನ್ಯಾಗ?”

ಆಗ ಚಾಲಕ ಹಿಂದಿನ ಸೀಟಿನ ಕಡೆಗೆ ತಿರುಗಿದ. ಕಿಟಕಿಯ ಬಳಿ ಬಾಗಿ ಅತಿಥಿಯ ಮುಖ ನೋಡಿದ. “ಹಿರಿಯಾರ, ನೀವರ ಒಂದ ಮಾತ ಹೇಳ್ರಿ” ಎಂದ.

ಅತಿಥಿ ಏನು ಮಾಡಿದ, ಬಲ್ಲಿರಾ? ಕೈಗಡಿಯಾರ ನೋಡಿಕೊಂಡ. “ಹೊತ್ತಾಯಿತು, ಸಭೆಯಲ್ಲಿ ಜನ ಕಾಯುತ್ತಿದ್ದಾರೆ” ಎಂದ.

ಚಾಲಕ ಕೀಲಿಕೈಯನ್ನು ಬಾನೆಟ್ಟಿನ ಮೇಲಿಟ್ಟ; ಪೊಟ್ಟಣವನ್ನೂ ಅದರ ಪಕ್ಕದಲ್ಲಿಟ್ಟ; ನಡೆದುಹೋದ. ಅಷ್ಟೇ. ಬೈಗುಳವಿಲ್ಲ, ಶಾಪವಿಲ್ಲ. ಸಿರಿವಂತ ಪೊಟ್ಟಣವನ್ನು ಡಿಕ್ಕಿಯೊಳಗೆ ಎಸೆದು, ತಾನೇ ಗಾಡಿ ನಡೆಸಿಕೊಂಡು ಅತಿಥಿಯನ್ನು ಸಭೆಗೆ ತಲುಪಿಸಿದ. ಅಂದಿನ ಸಭೆಯ ವಿಷಯ ‘ಸತ್ಯ’ವಾಗಿತ್ತು. ಪ್ರವಚನ ಬಹಳ ಚೆನ್ನಾಗಿ ಆಯಿತೆಂದು ಎಲ್ಲರೂ ಹೇಳಿದರು.

ಮುಂದೆ ಕೇಳಿ. ಹೊಸ ಚಾಲಕ ಬಂದ. ಮಳೆಗಾಲ ಕಳೆಯುತ್ತಲೇ ಮುಂದಿನ ಎಡಗಾಲಿಯ ಬ್ರೇಕು ಕಿರುಗುಟ್ಟತೊಡಗಿತು. ಬೈಪಾಸಿನ ಅಂಗಡಿಯಿಂದ ಹೊಸ ಬ್ರೇಕ್ ಪ್ಯಾಡುಗಳು ಬಂದವು. ನಾಲ್ಕು ತಿಂಗಳಿಗೆ ಸವೆದವು. ಮತ್ತೆ ತಂದರು, ಮತ್ತೆ ನಾಲ್ಕು ತಿಂಗಳು. ಪ್ರತಿಸಲವೂ ಹಳೆಯವು ಗುಜರಿಯ ಡ್ರಮ್ಮಿಗೆ. ಪ್ರತಿಸಲವೂ ಹೊಸ ಡಬ್ಬಿ, ಹೊಸ ಬಿಲ್ಲು. ಮೂರನೆಯ ಸಲ ಸಿರಿವಂತ ಸವೆದ ಪ್ಯಾಡುಗಳನ್ನು ಹಿಡಿದು ತಾನೇ ಬೈಪಾಸಿನ ಅಂಗಡಿಗೆ ಹೋಗಿ ಸಿಟ್ಟಾದ. ಗಲ್ಲೆಯಲ್ಲಿದ್ದ ತರುಣ ವಿನಯದವನು. “ಸರ್, ಪಾರ್ಟ್ ಕರೆಕ್ಟ್ ಐತ್ರಿ, ಮಾಲೂ ಒರಿಜಿನಲ್. ಯಾಕ ಸವೀತೈತಿ ಅನ್ನೂದನ್ನ ಕಂಪ್ಯೂಟರ್ ಹೇಳಂಗಿಲ್ರಿ. ಸವೆದದ್ದನ್ನ ನೋಡಿ ಹೇಳಾವ ಹಳೇ ಪ್ಯಾಟ್ಯಾಗ ಒಬ್ಬ ಅಜ್ಜ ಅದಾನ್ರಿ, ಅಲ್ಲಿ ತೋರಸ್ರಿ” ಎಂದ. ನೋಡಿ, ಇಪ್ಪತ್ತೈದರ ಹುಡುಗನಿಗೆ ತನಗೆ ಗೊತ್ತಿಲ್ಲವೆಂದು ಹೇಳುವ ಪ್ರಾಮಾಣಿಕತೆಯಿತ್ತು. ಕಾರಿನಲ್ಲಿ ಕುಳಿತಿದ್ದ ಆ ಅತಿಥಿಗೆ ಗೊತ್ತಿದೆಯೆಂದು ಹೇಳುವಷ್ಟು ಇದ್ದಿದ್ದರೆ!

ಸಿರಿವಂತ ಆ ಬಿಲದಂಥ ಅಂಗಡಿಯ ಮುಂದೆ ನಿಂತ. ಮುದುಕ ಗುರುತು ಹಿಡಿದ, ಬೆಂಚು ಒರೆಸಿ ಕೂಡಿಸಿದ. “ಹಳೇದು ಎಲ್ಲೈತ್ರಿ?” ಎಂದು ಕೈಚಾಚಿದ. ಒಂದೇ ಗಾಲಿಯ ಎರಡು ಪ್ಯಾಡುಗಳನ್ನು ಮೇಜಿನ ಗಾಜಿನ ಮೇಲೆ ಅಕ್ಕಪಕ್ಕದಲ್ಲಿಟ್ಟ.

“ನೋಡ್ರಿ ಸಾವುಕಾರ್ರ. ಗಾಲೀ ತಟ್ಟೀಗೆ ಒಳಗೊಂದು, ಹೊರಗೊಂದು ಪ್ಯಾಡು. ಎರಡೂ ಕೂಡಿ ಹಿಡದ್ರ ಗಾಡಿ ನಿಂದರತೈತಿ. ಇಲ್ಲಿ ಒಳಗಿಂದು ಹಪ್ಪಳದಂಗ ಆಗೈತಿ. ಹೊರಗಿಂದು ಅಂಗಡಿಯಿಂದ ಒಯ್ದಂಗ ಐತಿ. ಯಾಕ? ಇವನ್ನ ಹಿಡದಿರೂ ಪಿನ್ನು ಜಂಗ ಹಿಡದು ಕಚ್ಚಿಕೊಂಡೈತಿ. ಹೊರಗಿನಾಂವ ಜಾಗಾ ಬಿಟ್ಟ ಅಲಗ್ಯಾಡಿಲ್ಲ; ಒಳಗಿನಾಂವ ಒಬ್ಬನ ಎಲ್ಲಾ ಹೊತ್ತಾನ. ನೂರ ಪ್ಯಾಡ ಹಾಕ್ರಿ, ನೂರೂ ಹಿಂಗ ಆಗತಾವ.”

“ಮತ್ತ ಇದಕ್ಕ ಏನ್ ಮಾಡಬೇಕು?”

“ಆ ಪಿನ್ನಿನ ಮ್ಯಾಲಿನ ರಬ್ಬರ್ ಟೊಪ್ಪಿಗೆ ಹರದಿರತೈತಿ, ನೀರು ಹೋಗತೈತಿ. ಟೊಪ್ಪಿಗೆ ಬದಲಿ ಮಾಡಿ, ಪಿನ್ನು ಒರಸಿ, ಒಂದೀಟ ಗ್ರೀಸ್ ಸವರಿದ್ರ ಮುಗೀತು. ನಿಮ್ಮ ಡ್ರೈವರ್ ಮಾಡತಿದ್ದನಲ್ರಿ? ನಿಮ್ಮ ಗಾಡ್ಯಾಗ ಆ ಟೊಪ್ಪಿಗೆ ಭಾಳ ದಿನ ಬಾಳಂಗಿಲ್ಲ ಅಂತ ಪದೇ ಪದೇ ಬಂದು ಒಯ್ಯತಿದ್ದ.”

ಸಿರಿವಂತನಿಗೆ ಉತ್ತರ ಅರ್ಧ ತಿಳಿದಿತ್ತು. ಆದರೂ ಕೇಳಿದ: “ಅವಗ ನೀವು ಏನ್ ಕೊಡತಿದ್ರಿ?”

ಮುದುಕ ನಕ್ಕ. “ಸುಳ್ಳ ಯಾಕ ಹೇಳಲಿ? ಎಲ್ಲಾರಿಗೂ ಕೊಡತೀನ್ರಿ ಕಮಿಷನ್ನು, ಪ್ಯಾಟೀ ರೂಢಿ. ಅಂವಗೂ ಹಿಡದೆ. ‘ರೊಕ್ಕ ಬ್ಯಾಡ್ರಿ ಅಜ್ಜಾರ, ಅದರ ಬದಲಿ ಒಂದೀಟ ಗ್ರೀಸ್ ಕೊಡ್ರಿ’ ಅಂತಿದ್ದ. ಕಾಗದದಾಗ ಎರಡ ಬೆರಳ ಗ್ರೀಸ್ ಇಸಗೊಂಡು ಹೋಗತಿದ್ದ. ನಿಮ್ಮ ಪಿನ್ನಿಗೇ ಹಚ್ಚಲಿಕ್ಕೆ.”

ಸಿರಿವಂತ ಎದ್ದು ಹೊರಗೆ ಬಂದು, ಕಾರಿನ ಡಿಕ್ಕಿ ತೆರೆದ. ಒಂದು ವರ್ಷದ ಹಿಂದೆ ಎಸೆದ ಪೊಟ್ಟಣ ಮೂಲೆಯಲ್ಲಿ ಹಾಗೆಯೇ ಇತ್ತು. ಬಿಚ್ಚಿದ. ಒಳಗೆ ಎರಡು ರಬ್ಬರಿನ ಟೊಪ್ಪಿಗೆ. ಕಾಗದದ ಮಡಿಕೆಯಲ್ಲಿ ಒಣಗಿದ ಗ್ರೀಸು.

ಇದೆಲ್ಲವನ್ನೂ ಆತನೇ ಆಮೇಲೆ ಅತಿಥಿಗೆ ಹೇಳಿದ್ದು. ಸಿರಿವಂತ ಆ ಕೂಡಲೇ ಚಾಲಕನ ಮನೆಗೆ ಹೋದ. ಅಷ್ಟರಲ್ಲಿ ಚಾಲಕನ ಬದುಕು ಎಲ್ಲಿಗೆ ಬಂದಿತ್ತು? ಸ್ಟ್ಯಾಂಡಿನಲ್ಲಿ ಹುಟ್ಟಿದ ಮಾತು ಊರಿನಲ್ಲೆಲ್ಲ ಸುತ್ತಿ, ಕಾರಿದ್ದವರಾರೂ ಆತನಿಗೆ ಕೀಲಿಕೈ ಕೊಡಲಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಗಾಲಿಗಳಿಗೆ ಗಾಳಿ ತುಂಬುತ್ತಿದ್ದ. ಈಗ ಹೊಟ್ಟೆಯ ಬೇನೆಯಿಂದ ಹಾಸಿಗೆ ಹಿಡಿದಿದ್ದ. ಸಿರಿವಂತ ಆತನ ಕಾಲ ಬಳಿ ಕುಳಿತು ಅತ್ತ. ತಪ್ಪಾಯಿತೆಂದ. ಆಸ್ಪತ್ರೆಯ ಖರ್ಚೆಲ್ಲ ತನ್ನದೆಂದ.

“ದವಾಖಾನಿ ಇರ್ಲಿ ಬಿಡ್ರಿ” ಎಂದ ಚಾಲಕ. “ಮಂದಿ ಅಂದದ್ದು ನನಗ ಹತ್ತಲಿಲ್ರಿ. ಮಗಳು ನರ್ಸಿಂಗ್ ಓದಾಕ ಹೋಗಿದ್ಲು. ಸುದ್ದಿ ಕೇಳಿ ಬಂದು, ‘ಅಪ್ಪಾ, ಖರೇನ ತಗೊಂಡಿದ್ದ್ಯಾ?’ ಅಂದ್ಲು. ಇಲ್ಲಂದೆ. ಆದ್ರ ಕೇಳಿದ್ಲಲ್ರಿ! ಅಲ್ಲಿ ನಾ ಸೋತೆ.”

“ನಾ ಏನ್ ಮಾಡ್ಲಿ ಹೇಳು.”

“ಸ್ಟ್ಯಾಂಡಿನ್ಯಾಗ ಅಂದ್ರಿ. ಸ್ಟ್ಯಾಂಡಿನ್ಯಾಗ ಬಂದು ತಿರುಗಿ ತಗೋರಿ. ಹೆಸರ ಹಿಡದು ಹೇಳ್ರಿ. ಮತ್ತೇನೂ ಬ್ಯಾಡ.”

ಎಷ್ಟು ಚಿಕ್ಕ ಬೇಡಿಕೆ! ಸಿರಿವಂತ ಸೋಮವಾರ ಬಂದು ಹೇಳುತ್ತೇನೆಂದು ಕೈಮೇಲೆ ಕೈಯಿಟ್ಟ. ಸೋಮವಾರ ಮೆಣಸಿನಕಾಯಿಯ ದರ ಏರಿತು, ಪುರಸತ್ತಾಗಲಿಲ್ಲ. ಮುಂದಿನ ವಾರ ವರ್ತಕರ ಸಂಘದ ಚುನಾವಣೆ. ಇಂಥ ಹೊತ್ತಿನಲ್ಲಿ ಹತ್ತು ಮಂದಿಯೆದುರು ತಪ್ಪೊಪ್ಪಿಕೊಂಡರೆ ಎದುರಾಳಿಗಳು ಸುಮ್ಮನಿರುವರೇ? ಚುನಾವಣೆ ಮುಗಿಯಲಿ ಎಂದ. ಹದಿನೇಳನೆಯ ದಿನ ಚಾಲಕ ತೀರಿಕೊಂಡ.

ಮಣ್ಣಿಗೆ ಸಿರಿವಂತ ಬಂದ, ಎಲ್ಲರಿಗಿಂತ ದೊಡ್ಡ ಹೂಮಾಲೆ ತಂದ. ಸ್ಟ್ಯಾಂಡಿನ ಆ ಹತ್ತು ಹನ್ನೆರಡು ಮಂದಿಯೂ ಅಲ್ಲಿದ್ದರು. ಅದಕ್ಕಿಂತ ತಕ್ಕ ಗಳಿಗೆ ಯಾವುದು? ಆತ ಹೂಮಾಲೆ ಹಾಕಿದ, ಕೈಮುಗಿದ, ಹೇಳಬೇಕಾದ್ದನ್ನು ಹೇಳದೆ ಕಾರು ಹತ್ತಿದ. ಕೆಲವು ದಿನಗಳ ಬಳಿಕ ಅತಿಥಿಯ ಮನೆಗೆ ಹೋಗಿ ನಡೆದುದನ್ನೆಲ್ಲ ಹೇಳಿ, ಕೊನೆಗೆ ಅಂದ: “ಇದನ್ನ ನಿಮ್ಮ ಪ್ರವಚನದಾಗ ದೃಷ್ಟಾಂತ ಮಾಡಿ ಹೇಳ್ರಿ. ಊರ ಹೆಸರ ಬ್ಯಾಡ, ನಮ್ಮ ಹೆಸರೂ ಬ್ಯಾಡ. ನಾಲ್ಕ ಮಂದಿಗೆ ಬುದ್ಧಿ ಬರ್ಲಿ.”

ಅತಿಥಿ ಹಾಗೆಯೇ ಮಾಡಿದ. ಐದು ಊರುಗಳಲ್ಲಿ ಈ ಕಥೆಯನ್ನು ಹೇಳಿದ. ‘ಒಂದು ಊರು, ಆ ಊರಿನಲ್ಲಿ ಸಿರಿವಂತನೊಬ್ಬ.’ ಕೇಳಿದವರು ಕಣ್ಣೊರೆಸಿಕೊಂಡರು. ಅತಿಥಿಗೆ ಶಾಲು ಹೊದಿಸಿದರು.

ಬಂಧುಗಳೇ, ಐದೂ ಊರುಗಳಲ್ಲಿ ಕಥೆಯನ್ನು ಇಲ್ಲಿಗೇ ನಿಲ್ಲಿಸಿದೆ. ಇಲ್ಲಿ ನಿಲ್ಲಿಸುವಂತಿಲ್ಲ. ಏಕೆಂದರೆ ಆ ಊರು ಇದೇ. ಆ ಸ್ಟ್ಯಾಂಡು ಈ ಮಂಟಪದಿಂದ ಇನ್ನೂರು ಹೆಜ್ಜೆ. ಅಂದು ನಕ್ಕವರಲ್ಲಿ ಕೆಲವರು ಈಗ ಈ ಜಮಖಾನೆಯ ಮೇಲೆ ಕುಳಿತಿದ್ದೀರಿ. ತಲೆ ತಗ್ಗಿಸಬೇಡಿ, ನಿಮಗಿಂತ ಮೊದಲು ತಗ್ಗಬೇಕಾದ ತಲೆ ಬೇರೆ ಇದೆ.

ಹಿಂದಿನ ಸೀಟಿನಲ್ಲಿ ಕುಳಿತಿದ್ದವನು ನಾನು.

ಇನ್ನೂ ಒಂದನ್ನು ಯಾವ ಊರಿನಲ್ಲೂ ಹೇಳಿಲ್ಲ. ಆ ಘಟನೆಗೆ ಮೂರು ತಿಂಗಳ ಮೊದಲು, ಹಿಂದಿನ ಪ್ರವಚನಕ್ಕೆ ನಾನು ಬಂದಾಗ, ಅದೇ ಕಾರು ಆ ಹಳೆಯ ಅಂಗಡಿಯ ಮುಂದೆ ನಿಂತಿತ್ತು. ನಾನು ಒಳಗೆ ಕುಳಿತಿದ್ದೆ, ಕಿಟಕಿ ತೆರೆದಿತ್ತು. ‘ರೊಕ್ಕ ಬ್ಯಾಡ್ರಿ ಅಜ್ಜಾರ, ಒಂದೀಟ ಗ್ರೀಸ್ ಕೊಡ್ರಿ’ ಎಂಬ ಮಾತನ್ನು ಈ ಎರಡು ಕಿವಿಗಳಿಂದ ಕೇಳಿದ್ದೆ. ಸ್ಟ್ಯಾಂಡಿನಲ್ಲಿ ಚಾಲಕ ಬಾಗಿ ನನ್ನ ಮುಖ ನೋಡಿದ್ದು ಏಕೆಂದು ತಿಳಿಯಿತೇ? ನಾನು ಕೇಳಿದ್ದೇನೆಂದು ಆತನಿಗೆ ಗೊತ್ತಿತ್ತು. ‘ಆತ ಹಣ ಬೇಡವೆಂದದ್ದನ್ನು ನಾನು ಕೇಳಿದ್ದೇನೆ’ ಎಂಬ ಒಂದೇ ವಾಕ್ಯ ಸಾಕಾಗಿತ್ತು. ಕರ್ತೃ, ಕರ್ಮ, ಕ್ರಿಯಾಪದಗಳನ್ನು ನಲವತ್ತು ವರ್ಷ ಮಕ್ಕಳಿಗೆ ಕಲಿಸಿದವನಿಗೆ ಆ ಒಂದು ವಾಕ್ಯ ಕಟ್ಟಲು ಬರಲಿಲ್ಲವೇ? ಬಂತು. ನಾಲಿಗೆಯ ತುದಿಗೆ ಬಂತು. ಶಾಮಿಯಾನ ಸಾವುಕಾರನದು, ಕಾರು ಆತನದು, ಸಂಜೆಯ ಸಭೆ ಆತನದು. ಆತನ ಮುಖ ಮುರಿಯುವುದು ಹೇಗೆಂದು ನುಂಗಿದೆ.

ಮುದುಕ ಗಾಜಿನ ಮೇಲಿಟ್ಟ ಎರಡು ಪ್ಯಾಡುಗಳನ್ನು ನೆನೆಯಿರಿ. ನಾನು ಆ ಹೊರಗಿನದು. ನೋಡುವವರು ‘ಆಹಾ, ಎಷ್ಟು ಚೆನ್ನಾಗಿ ಉಳಿದಿದೆ’ ಎನ್ನುತ್ತಾರೆ. ಹೌದು, ಉಳಿದಿದೆ. ಹಿಡಿಯಬೇಕಾದಾಗ ಹಿಡಿಯದೆ ಉಳಿದಿದೆ. ಒಳಗಿನದು ಸವೆದು ಸತ್ತಿತು.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಮನೆಗೆ ಹೋಗಿ ಏನು ಮಾಡುತ್ತೀರಿ? ಬಿಡಿಭಾಗವನ್ನು ಯಾವ ಅಂಗಡಿಯಲ್ಲಾದರೂ ಕೊಳ್ಳಿ, ನನ್ನದೇನೂ ತಕರಾರಿಲ್ಲ. ಆದರೆ ಸವೆದದ್ದನ್ನು ಎಸೆಯುವ ಮೊದಲು ಏಕೆ ಸವೆಯಿತೆಂದು ಕೇಳಿ. ಕೆಲಸದವಳನ್ನು ಬಿಡಿಸುವ ಮೊದಲು ಕೇಳಿ. ಮಾತು ಬಿಟ್ಟ ತಮ್ಮನನ್ನು, ಸಿಡುಕುವ ಸೊಸೆಯನ್ನು, ಸೋತ ಗುಮಾಸ್ತನನ್ನು ‘ಇವರ ಹಣೆಬರಹವೇ ಇಷ್ಟು’ ಎಂದು ಪಕ್ಕಕ್ಕೆ ಸರಿಸುವ ಮೊದಲು, ಅವರ ಪಕ್ಕದಲ್ಲಿದ್ದು ಅಲುಗಾಡದೆ ಹೋದ ಇನ್ನೊಬ್ಬರು ಯಾರೆಂದು ನೋಡಿ. ಬಹಳ ಸಲ ಅದು ನೀವೇ ಆಗಿರುತ್ತೀರಿ. ನಿಮ್ಮೆದುರು ಒಬ್ಬರ ಮೇಲೆ ಸುಳ್ಳು ಹೊರೆ ಬಿದ್ದಾಗ ಗಡಿಯಾರ ನೋಡಿಕೊಳ್ಳಬೇಡಿ. ಗೊತ್ತಿದ್ದರೆ ಗೊತ್ತೆನ್ನಿ, ಆ ಗಳಿಗೆಯಲ್ಲೇ ಅನ್ನಿ. ಬೀದಿಯಲ್ಲಿ ಅಂದದ್ದಕ್ಕೆ ಕೋಣೆಯೊಳಗೆ ಕ್ಷಮೆ ಕೇಳಬೇಡಿ. ಸೋಮವಾರ ಎನ್ನಬೇಡಿ.

ಸಾವುಕಾರನ ಹೆಸರನ್ನು ನಾನು ಹೇಳುವುದಿಲ್ಲ. ಅದನ್ನು ಆತನೇ ಸ್ಟ್ಯಾಂಡಿನಲ್ಲಿ ನಿಂತು ಹೇಳಬೇಕು. ನನ್ನ ಪಾಲಿನದನ್ನು ನಾನು ಹೇಳುತ್ತೇನೆ. ದೃಷ್ಟಾಂತದೊಳಗೆ ಬರುವವರಿಗೆ ಹೆಸರಿಲ್ಲವೆಂದೆನಲ್ಲ, ಅದು ನನ್ನ ಪುಕ್ಕಲುತನ. ಕಳಂಕ ಹತ್ತಿದ್ದು ಹೆಸರಿಗೆ. ಹೆಸರಿಲ್ಲದ ಕಥೆಯಿಂದ ಅದು ತೊಳೆದು ಹೋಗುವುದಿಲ್ಲ. ಆ ಚಾಲಕನ ಹೆಸರು ಮೈಲಾರಪ್ಪ ಹಡಗಲಿ. ಮೈಲಾರಪ್ಪ ಹಡಗಲಿ ಯಾರ ಕಾಸನ್ನೂ ಮುಟ್ಟಲಿಲ್ಲ. ನನಗೆ ಗೊತ್ತಿತ್ತು. ನಾನು ಸುಮ್ಮನಿದ್ದೆ.

ಯಾರಮ್ಮಾ ಅದು, ಹೆಣ್ಣುಮಕ್ಕಳ ಕಡೆಯಲ್ಲಿ ಎದ್ದು ನಿಂತದ್ದು? ಕುಳಿತುಕೊಳ್ಳಿ ಎನ್ನಬೇಡಿ, ಬಿಡಿ ಅವಳನ್ನು. ಹೇಳು ತಾಯಿ.

“ಮಾಸ್ತರ್ರ, ‘ಖರೇನ ತಗೊಂಡಿದ್ದ್ಯಾ’ ಅಂತ ಕೇಳಿದಾಕಿ ನಾನರಿ. ಕಡೀಕಿಂದು ಭಾಳ ಸಣ್ಣ ದನೀಲೆ ಅಂದ್ರಿ. ಹೊರಗ ನಿಂತಾವರಿಗೆ ಕೇಳಿಲ್ಲ. ಆ ಮೈಕಿನ ಸ್ಪೀಕರ್ ಸ್ಟ್ಯಾಂಡಿನ ಕಡೆ ತಿರುಗಸ್ರಿ. ನಮ್ಮಪ್ಪನ ಹೆಸರ ಹಿಡದು ಇನ್ನೊಮ್ಮೆ ಹೇಳ್ರಿ.”